ಹೊರೆ ಹೊತ್ತವರ ನಗೆ

ನಗೆಯಲ್ಲಿಯೂ ಮೇಲು ಕೀಳುಗಳುಂಟೆಂದು ನಮ್ಮ ಪ್ರಾಚೀನರು ಬಗೆದಿದ್ದರು. ಭರತಮುನಿಯ ನಾಟ್ಯಶಾಸ್ತ್ರವು ಹಾಸ್ಯರಸವನ್ನು ವಿವರಿಸುವ ಸಂದರ್ಭದಲ್ಲಿ ಆರು ಬಗೆಯ ನಗೆಗಳನ್ನು ಎಣಿಸುತ್ತದೆ. ಹಲ್ಲು ಕಾಣದಂತೆ ಕೆನ್ನೆಯಷ್ಟೇ ಅರಳುವುದು ಸ್ಮಿತ. ಹಲ್ಲು ತುಸುವೇ ತೋರುವುದು ಹಸಿತ. ಇವೆರಡೂ ಉತ್ತಮರ ನಗೆ. ವಿಹಸಿತ, ಉಪಹಸಿತಗಳು ಮಧ್ಯಮರವು. ಕಣ್ಣಲ್ಲಿ ನೀರೂರಿ ಹೆಗಲೂ ತಲೆಯೂ ಅಲುಗುವ ಅಪಹಸಿತ, ಎರಡು ಕೈಗಳಿಂದ ಪಕ್ಕೆ ಹಿಡಿದುಕೊಂಡು ಅಬ್ಬರಿಸುವ ಅತಿಹಸಿತ, ಇವೆರಡೂ ಅಧಮರ ಪಾಲಿಗೆ ಬಂದಿವೆ.

ಶಾಸ್ತ್ರಕಾರನಲ್ಲಿ ಗೌರವವಿರಿಸಿಕೊಂಡೇ ಈ ವಿಂಗಡಣೆಯನ್ನು ನಾನು ಒಪ್ಪಲಾರೆ. ಪಕ್ಕೆ ಹಿಡಿದುಕೊಂಡು ನಗುವವನನ್ನು ಕೀಳೆಂದು ಕರೆದವರು ಹಗಲೆಲ್ಲ ಬೆನ್ನು ಬಾಗಿಸಿ ದುಡಿದವರಾಗಿರಲಾರರು. ದೇಹದಿಂದ ದುಡಿಯುವವನು ದೇಹದಿಂದಲೇ ನಗುತ್ತಾನೆ. ಅವನ ಹೆಗಲು ಭಾರವನ್ನು ಬಲ್ಲದು. ಆದುದರಿಂದ ಭಾರ ಜಾರಿದಾಗ ಉಕ್ಕುವ ನಗೆಯೂ ಅವನ ಹೆಗಲಿಗೇ ಮೊದಲು ತಿಳಿಯುತ್ತದೆ. ಇದನ್ನು ಸ್ಪಷ್ಟಪಡಿಸಲು ದೂರದ ಅಮೆರಿಕದಲ್ಲಿ 1932ರಲ್ಲಿ ತಯಾರಾದ ಒಂದು ಚಿಕ್ಕ ಚಲನಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣಲಿಲ್ಲ. ಅದು ಇಬ್ಬರು ಹಮಾಲರ ಕಥೆ. ಅಷ್ಟು ದೂರದ ಚಿತ್ರವಾದರೂ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಂತೆಪೇಟೆಗಳನ್ನು ಕಂಡವರಿಗೆ ಅದರಲ್ಲಿ ಅಪರಿಚಿತವಾದುದು ಬಹಳವಿಲ್ಲ.

ಘಟಪ್ರಭೆಯ ನೀರುಂಡ ಈ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಹೊರುವ ಕೆಲಸಕ್ಕೆ ಕೊನೆಯಿಲ್ಲ. ಕಡಿದ ಕಬ್ಬನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಲಾರಿಗೆ ಆನಿಸಿದ ಓರೆ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಏರುವ ಗಂಡಸರನ್ನೂ ಹೆಂಗಸರನ್ನೂ ನೀವು ನೋಡಿರುವಿರಿ. ಹಲಗೆ ಬಾಗುತ್ತದೆ, ಹೊರೆ ಓಲಾಡುತ್ತದೆ, ಕಾಲು ಮಾತ್ರ ತಪ್ಪುವಂತಿಲ್ಲ. ಅಡತಿ ಅಂಗಡಿಗಳ ಮುಂದೆ ಹಮಾಲರು ಚೀಲ ಹೊರುವುದನ್ನೂ ಕಂಡಿರುವಿರಿ. ಒಂದು ಕಾಲದಲ್ಲಿ 100 ಕಿಲೋ ತೂಗುವ ಗೋಣಿಚೀಲ ಒಬ್ಬನ ಬೆನ್ನ ಮೇಲೆಯೇ ಬಂದು ಕೂಡುತ್ತಿತ್ತು. ಧಾನ್ಯದ ಚೀಲಗಳು 50 ಕಿಲೋಗೆ ಇಳಿದುದು ಈಚಿನ ಮಾತು. ಒಬ್ಬ ವಯಸ್ಕ ಗಂಡಸಿನ ಮೇಲೆ 55 ಕಿಲೋಗಿಂತ ಹೆಚ್ಚು ಭಾರ ಹೊರಿಸಲಾಗದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ನಾನು ಹೇಳಹೊರಟಿರುವ ಚಿತ್ರದ ಇಬ್ಬರು ಹೊರುವುದು ಒಂದು ಪಿಯಾನೊ. ಗೋಡೆಗೆ ಆನಿಸಿ ನಿಲ್ಲಿಸುವ ಸಾಧಾರಣ ಪಿಯಾನೊ ಒಂದು 200 ಕಿಲೋದಷ್ಟಾದರೂ ತೂಗುತ್ತದೆ. ಇದಾದರೋ ರಂಧ್ರ ಕೊರೆದ ಕಾಗದದ ಸುರುಳಿಯನ್ನು ಇಟ್ಟರೆ ತಾನೇ ನುಡಿಯುವ ಯಂತ್ರ ಪಿಯಾನೊ. ಅದರ ತೂಕ ಇನ್ನೂ ಹೆಚ್ಚು.

ಚಿತ್ರದ ಹೆಸರು ‘ದಿ ಮ್ಯೂಸಿಕ್ ಬಾಕ್ಸ್’, ಎಂದರೆ ಸಂಗೀತದ ಪೆಟ್ಟಿಗೆ. ನೋಡಿ ಮುಗಿಸಲು ಅರ್ಧ ಗಂಟೆ ಸಾಕು. ಹ್ಯಾಲ್ ರೋಚ್ ಎಂಬುವರು ಇದರ ನಿರ್ಮಾಪಕರು. ಜೇಮ್ಸ್ ಪ್ಯಾರಟ್ ನಿರ್ದೇಶಕರು. ಹಮಾಲರಾಗಿ ನಟಿಸಿದವರು ಸ್ಟಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ. ಲಾರೆಲ್ 1890ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ನಾಟಕ ಮಂಡಳಿಯೊಂದರ ಜೊತೆಯಲ್ಲಿ 1910ರಲ್ಲಿ ಅಮೆರಿಕಕ್ಕೆ ಹೋದವನು. ಅದೇ ಮಂಡಳಿಯಲ್ಲಿ ಆಗ ಚಾರ್ಲಿ ಚಾಪ್ಲಿನ್ನನೂ ಇದ್ದನು. ಹಾರ್ಡಿ ಅಮೆರಿಕದ ಜಾರ್ಜಿಯ ಪ್ರಾಂತದವನು, 1892ರಲ್ಲಿ ಜನಿಸಿದವನು, ಒಳ್ಳೆಯ ಹಾಡುಗಾರ. ಒಬ್ಬನು ಸಣಕಲು, ಇನ್ನೊಬ್ಬನು ಸ್ಥೂಲಕಾಯ. 1927ರಿಂದ ಇವರು ಜೋಡಿಯಾಗಿ ಹೆಸರಾದರು.

ಕಥೆ ಎಂಬುದು ಇದರಲ್ಲಿ ಹೆಚ್ಚೇನೂ ಇಲ್ಲ. ಒಬ್ಬ ಗೃಹಿಣಿ ತನ್ನ ಗಂಡನ ಹುಟ್ಟುಹಬ್ಬಕ್ಕೆಂದು ಅಂಗಡಿಯಲ್ಲಿ ಪಿಯಾನೊ ಕೊಳ್ಳುತ್ತಾಳೆ. ಅದನ್ನು ಮನೆಗೆ ಮುಟ್ಟಿಸುವ ಹೊಣೆ ಲಾರೆಲ್ ಮತ್ತು ಹಾರ್ಡಿಯರದು. ಕೈಯಲ್ಲಿದ್ದ 3 ಡಾಲರ್ 80 ಸೆಂಟುಗಳೇ ಅವರ ಉದ್ಯಮದ ಬಂಡವಾಳ. ಒಂದು ಕುದುರೆ, ಒಂದು ಗಾಡಿ ಅವರ ಆಸ್ತಿ. ಗಾಡಿಯ ಮೇಲೆ ತಮ್ಮ ಕಂಪನಿಯ ಹೆಸರನ್ನೂ ಅದು ಸ್ಥಾಪನೆಯಾದ ವರ್ಷವನ್ನೂ ಹೆಮ್ಮೆಯಿಂದ ಬರೆಸಿದ್ದಾರೆ. ಆದರೆ ‘ಸ್ಥಾಪನೆ’ ಎಂಬರ್ಥದ ಇಂಗ್ಲಿಷ್ ಮಾತಿಗೆ ಅಕ್ಷರಗಳು ಹೆಚ್ಚಾಗಿ ಬಿದ್ದು, ಕಂಪನಿ ಆ ವರ್ಷ ‘ಮುಳುಗಿತು’ ಎಂಬ ಅರ್ಥ ಬಂದುಬಿಟ್ಟಿದೆ. ಬರೆದವನಿಗೂ ಬರೆಸಿದವರಿಗೂ ಅದರ ಪರಿವೆಯಿಲ್ಲ.

ದಾರಿಯಲ್ಲಿ ಸಿಕ್ಕ ಅಂಚೆಯವನನ್ನು ಮನೆಯ ವಿಳಾಸ ಕೇಳಿದರೆ ಅವನು ಮೇಲಕ್ಕೆ ಬೆರಳು ತೋರಿಸುತ್ತಾನೆ. ಗುಡ್ಡದ ನೆತ್ತಿಯಲ್ಲಿ ಮನೆ. ಅಲ್ಲಿಯವರೆಗೆ ನೂರಮೂವತ್ತರಷ್ಟು ಕಲ್ಲುಗಾರೆಯ ಮೆಟ್ಟಿಲು. ಅವು ಚಿತ್ರಕ್ಕಾಗಿ ಕಟ್ಟಿದ ಮೆಟ್ಟಿಲುಗಳಲ್ಲ. ಲಾಸ್ ಏಂಜಲೀಸ್ ನಗರದ ಸಿಲ್ವರ್ ಲೇಕ್ ಬಡಾವಣೆಯಲ್ಲಿ ಇಂದಿಗೂ ಇವೆ.

ಪಿಯಾನೊ ಇಳಿಸುವಾಗಲೇ ಕುದುರೆ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಪೆಟ್ಟಿಗೆ ಹಾರ್ಡಿಯ ಬೆನ್ನ ಮೇಲೆ ಬೀಳುತ್ತದೆ. ಹೇಗೋ ಎತ್ತಿ ನಿಲ್ಲಿಸಿ, ಒಂದೊಂದೇ ಮೆಟ್ಟಿಲು ಏರತೊಡಗುತ್ತಾರೆ. ಅರ್ಧ ದಾರಿಯಲ್ಲಿ ಮಗುವಿನ ತಳ್ಳುಗಾಡಿಯೊಡನೆ ಒಬ್ಬ ದಾದಿ ಎದುರಾಗುತ್ತಾಳೆ. ಸೌಜನ್ಯದಿಂದ ದಾರಿ ಬಿಡಲೆಂದು ಪೆಟ್ಟಿಗೆಯನ್ನು ಸರಿಸಿದರೆ ಅದು ಕೈತಪ್ಪಿ ಕೆಳಗಿನ ಬೀದಿಯವರೆಗೆ ಜಾರಿಹೋಗುತ್ತದೆ. ಮತ್ತೆ ಏರುತ್ತಾರೆ. ಪೊಲೀಸನೊಬ್ಬ ಕೆಳಗಿನಿಂದ ಕರೆಯುತ್ತಾನೆ. ಪೆಟ್ಟಿಗೆ ಮತ್ತೆ ಜಾರುತ್ತದೆ, ಈ ಸಲ ಹಾರ್ಡಿಯ ಮೇಲೆಯೇ ಹರಿದು. ಮತ್ತೆ ಏರುತ್ತಾರೆ. ಕೊನೆಗೂ ಮೇಲೆ ಮುಟ್ಟಿ ಮನೆಯ ಕರೆಗಂಟೆ ಒತ್ತುವಷ್ಟರಲ್ಲಿ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಹೊರಟು, ಹಿಡಿಯಹೋದ ಹಾರ್ಡಿಯನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. ಒಟ್ಟಿಗೆ ಮೂರು ಸಲ. ನಾಲ್ಕನೆಯ ಸಲ ಮೇಲಕ್ಕೆ ಬಂದು, ಏದುಸಿರು ಬಿಡುತ್ತ ನಿಂತಾಗ, ಅದೇ ಅಂಚೆಯವನು ಎದುರಿಗೆ ಬಂದು ಒಂದು ಮಾತು ಹೇಳುತ್ತಾನೆ. ಮೆಟ್ಟಿಲೇರುವ ಕಷ್ಟವೇ ಬೇಕಿರಲಿಲ್ಲ. ಗುಡ್ಡವನ್ನು ಸುತ್ತಿಕೊಂಡು ಬರುವ ರಸ್ತೆಯಿದೆ, ಗಾಡಿಯನ್ನೇ ಮನೆಯ ಬಾಗಿಲವರೆಗೆ ತರಬಹುದಾಗಿತ್ತು.

ಇದನ್ನು ಕೇಳಿದ ಇಬ್ಬರೂ ಏನು ಮಾಡಿದರು? ನೀವೂ ನಾನೂ ಆಗಿದ್ದರೆ ಹಣೆ ಚಚ್ಚಿಕೊಂಡು, ಬಂದದ್ದಂತೂ ಬಂದೆವಲ್ಲ ಎಂದು ಪಿಯಾನೊವನ್ನು ಒಳಗೆ ತಳ್ಳುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಇಷ್ಟು ಸುಲಭದ ದಾರಿ ಮೊದಲೇ ಏಕೆ ಹೊಳೆಯಲಿಲ್ಲವೆಂದು ಮರುಗಿ, ಪಿಯಾನೊವನ್ನು ಎತ್ತಿಕೊಂಡು, ಬಂದ ಮೆಟ್ಟಿಲುಗಳನ್ನೆಲ್ಲ ಜೋಪಾನವಾಗಿ ಇಳಿದು, ಗಾಡಿಗೆ ಹೇರಿ, ಸುತ್ತುದಾರಿಯಿಂದ ಅದೇ ಮನೆಗೆ ಬಂದರು!

ನಮ್ಮ ಜಾನಪದದ ಪೆದ್ದರ ಕಥೆಗಳನ್ನು ಬಲ್ಲವರಿಗೆ ಈ ತಿರುವು ಹೊಸದೆನಿಸಲಾರದು. ಕೆಲವು ವಿಮರ್ಶಕರು ಇಲ್ಲಿ ಗ್ರೀಕ್ ಪುರಾಣದ ಸಿಸಿಫಸ್ ದೊರೆಯನ್ನು ಕಂಡಿದ್ದಾರೆ. ಬಂಡೆಯನ್ನು ಬೆಟ್ಟದ ಮೇಲಕ್ಕೆ ಉರುಳಿಸಬೇಕು, ಅದು ಮತ್ತೆ ಕೆಳಗುರುಳಬೇಕು, ಇದು ಅವನಿಗೆ ದೇವತೆಗಳು ವಿಧಿಸಿದ ಶಿಕ್ಷೆ. ನನಗೆ ನೆನಪಾಗುವವನು ನಮ್ಮ ವಿಕ್ರಮಾದಿತ್ಯನೇ. ಹೆಗಲ ಮೇಲಿನ ಬೇತಾಳ ಪ್ರತಿಸಲವೂ ಹಾರಿ ಮರಕ್ಕೆ ನೇತುಬೀಳುತ್ತದೆ. ರಾಜನು ಬೇಸರಿಸದೆ ಮತ್ತೆ ಹೋಗಿ ಹೊತ್ತು ತರುತ್ತಾನೆ. ಅವನಿಗೆ ಅದು ಶಿಕ್ಷೆಯಲ್ಲ, ಕೊಟ್ಟ ಮಾತು. ಲಾರೆಲ್ ಹಾರ್ಡಿಯರಿಗೂ ಹಾಗೆಯೇ. ಒಪ್ಪಿಕೊಂಡ ಸಾಮಾನು ಮನೆ ಮುಟ್ಟಬೇಕು. ಅದಕ್ಕೆ ಯಾವುದು ಸರಿಯಾದ ದಾರಿಯೋ ಆ ದಾರಿಯಿಂದಲೇ ಮುಟ್ಟಬೇಕು. ಅವರ ಪೆದ್ದುತನದ ಒಡಲಲ್ಲಿ ಇಂಥ ಒಂದು ನಿಷ್ಠೆಯಿದೆ. ಬರಿಯ ಪೆದ್ದರಾಗಿದ್ದರೆ ನಾವು ಒಂದು ಸಲ ನಕ್ಕು ಮರೆಯುತ್ತಿದ್ದೆವು.

ಈ ಚಿತ್ರ ಬಂದ ಕಾಲವನ್ನೂ ನೆನೆಯಬೇಕು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ಮೇಲೆ ಅಮೆರಿಕದಲ್ಲಿ ಕಾರ್ಖಾನೆಗಳು ಮುಚ್ಚಿದವು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಚಿತ್ರಮಂದಿರದ ಕತ್ತಲಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ತಮ್ಮ ಬಾಳಿನ ಪಿಯಾನೊ ಜಾರಿಹೋದುದನ್ನು ಕಣ್ಣಾರೆ ಕಂಡವರು. ಅಂಥವರು ಪಕ್ಕೆ ಹಿಡಿದುಕೊಂಡು ನಕ್ಕರೆ ಅದನ್ನು ಅಧಮರ ನಗೆ ಎನ್ನೋಣವೆ? ಅಮೆರಿಕದ ಚಲನಚಿತ್ರ ಅಕಾಡೆಮಿಯು ಕಿರುಚಿತ್ರಗಳಿಗೆ ಪ್ರಶಸ್ತಿ ಕೊಡಲು ಮೊದಲು ಮಾಡಿದುದು 1932ರಲ್ಲಿ. ಹಾಸ್ಯ ಕಿರುಚಿತ್ರಕ್ಕಾಗಿ ಇಟ್ಟ ಆ ಮೊದಲ ಪ್ರಶಸ್ತಿ ಈ ಚಿತ್ರಕ್ಕೇ ಸಂದಿತು. 1997ರಲ್ಲಿ ಆ ದೇಶವು ಕಾಪಾಡಿ ಇಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೂ ಇದನ್ನು ಸೇರಿಸಿಕೊಂಡರು.

ಇನ್ನೊಂದು ಸಂಗತಿ. ಇದೇ ಜೋಡಿ 1927ರಲ್ಲಿ ‘ಹ್ಯಾಟ್ಸ್ ಆಫ್’ ಎಂಬ ಮೂಕಿ ಚಿತ್ರದಲ್ಲಿ ಇಂಥದೇ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಯಂತ್ರವೊಂದನ್ನು ಹೊತ್ತಿತ್ತು. ಆ ಚಿತ್ರದ ಪ್ರತಿ ಈಗ ಎಲ್ಲಿಯೂ ಉಳಿದಿಲ್ಲ. ಐದು ವರ್ಷಗಳಲ್ಲಿ ಚಿತ್ರಕ್ಕೆ ಮಾತು ಬಂದಿತು, ಹೊರೆಯೂ ಬದಲಾಯಿತು. ಒಗೆಯುವ ಯಂತ್ರದ ಬದಲು ಪಿಯಾನೊ ಬಂದುದು ಎಷ್ಟು ಉಚಿತವಾಗಿದೆಯೆಂಬುದು ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುತ್ತದೆ. ಪೆಟ್ಟಿಗೆ ಒಂದೊಂದು ಮೆಟ್ಟಿಲಿಗೆ ತಾಗಿದಾಗಲೂ ಒಳಗಿನ ತಂತಿಗಳೆಲ್ಲ ಝಣಝಣಿಸುತ್ತವೆ. ಹೊರೆಯೇ ನರಳಿದಂತೆ, ಒಮ್ಮೊಮ್ಮೆ ಹೊರೆಯೇ ನಕ್ಕಂತೆ ಕೇಳುತ್ತದೆ. ಚಲನಚಿತ್ರಕ್ಕೆ ಧ್ವನಿ ಬಂದ ಹೊಸದರಲ್ಲಿ ಬಹುಮಂದಿ ಅದನ್ನು ಮಾತಿನ ಮಳೆ ಸುರಿಸಲು ಬಳಸಿದರು. ಇವರು ಮಾತನ್ನು ಬೇಕಾದಷ್ಟೇ ಇಟ್ಟುಕೊಂಡು ಸದ್ದನ್ನು ದುಡಿಸಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದುದು ಇದಾದ ಎರಡು ವರ್ಷಕ್ಕೆ, 1934ರಲ್ಲಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಬಿದ್ದವನನ್ನು ಕಂಡು ನಗುವುದು ಸಂಸ್ಕಾರವಂತರ ಲಕ್ಷಣವೆ? ಇಬ್ಬರು ಬಡ ಕೂಲಿಗಳ ಬವಣೆಯನ್ನು ನೋಡಿ ನಗುವುದು ಕ್ರೌರ್ಯವಲ್ಲವೆ? ಪ್ರಶ್ನೆ ನ್ಯಾಯವಾದುದೇ. ಬಿದ್ದುದನ್ನು ಕಂಡು ನಕ್ಕಂತೆಲ್ಲ ಬಿದ್ದವನನ್ನು ಕಂಡು ನಕ್ಕಂತಾಗುವುದಿಲ್ಲ ಎಂಬುದು ನನ್ನ ಉತ್ತರ. ಈ ಚಿತ್ರದಲ್ಲಿ ನಗೆ ಯಾರ ಕಡೆಗೆ ತಿರುಗಿದೆಯೆಂಬುದನ್ನು ಗಮನಿಸಿರಿ. ಹಾರ್ಡಿಯ ಮೈ ದಪ್ಪವೆಂದು ನಾವು ನಗುವುದಿಲ್ಲ. ಮೈ ತುಂಬ ಕೆಸರಾಗಿದ್ದರೂ ಕತ್ತಿನ ಪಟ್ಟಿಯನ್ನು ತಿದ್ದಿಕೊಳ್ಳುವ, ಜೊತೆಗಾರನಿಗೆ ಬುದ್ಧಿ ಹೇಳಿ ಮುಗಿಸುವ ಮೊದಲೇ ತಾನು ಕೊಳಕ್ಕೆ ಕಾಲಿಡುವ ಅವನ ಠೀವಿಯನ್ನು ಕಂಡು ನಗುತ್ತೇವೆ. ತಾನು ಬಲ್ಲವನೆಂಬ ಗರ್ವ ನಮ್ಮೆಲ್ಲರಲ್ಲಿಯೂ ಸ್ವಲ್ಪ ಸ್ವಲ್ಪ ಇದೆಯಲ್ಲವೆ?

ನಗೆಯ ದೊಡ್ಡ ಪಾಲು ಮಾತ್ರ ಮೆಟ್ಟಿಲ ಮೇಲಿನಿಂದ ಇಳಿದುಬರುವ ಪ್ರೊಫೆಸರನಿಗೆ ಮೀಸಲು. ಬಿಲ್ಲಿ ಗಿಲ್ಬರ್ಟ್ ಎಂಬ ನಟನು ಆ ಪಾತ್ರವನ್ನು ವಹಿಸಿದ್ದಾನೆ. ಪಿಯಾನೊ ಹೊತ್ತ ಇಬ್ಬರೂ ಪಕ್ಕಕ್ಕೆ ಸರಿಯಬೇಕೆಂದು ಅವನ ಆಜ್ಞೆ. ತಾವೇ ಸ್ವಲ್ಪ ಸುತ್ತಿಕೊಂಡು ಹೋಗಬಹುದಲ್ಲ ಎಂದು ಅವರು ಹೇಳಿದಾಗ ಅವನಿಗೆ ಬೆಂಕಿ ಹತ್ತಿದಂತಾಗುತ್ತದೆ. ತನ್ನ ಉದ್ದದ ಹೆಸರನ್ನೂ ಅದರ ಹಿಂದೆ ಬಾಲದಂತೆ ಬೆಳೆದ ಪದವಿಗಳನ್ನೂ ಒಂದೇ ಉಸಿರಿನಲ್ಲಿ ಒದರುತ್ತಾನೆ. ಇಷ್ಟೆಲ್ಲ ಓದಿದವನಿಗೆ ಎದುರಿಗಿರುವವರ ಕೈಯಲ್ಲಿ ಎಷ್ಟು ಭಾರವಿದೆಯೆಂಬುದು ಮಾತ್ರ ಕಾಣುವುದಿಲ್ಲ. ಲಾರೆಲ್ ಕೈಯೆತ್ತಿ ಅವನ ರೇಷ್ಮೆ ಟೊಪ್ಪಿಗೆಗೆ ಒಂದು ತಟ್ಟು ತಟ್ಟುತ್ತಾನೆ. ಅದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತ ಬೀದಿಗೆ ಉರುಳಿ, ಗಾಡಿಯ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಆಗ ಉಕ್ಕುವ ನಗೆ ಕೆಳಗಿನಿಂದ ಮೇಲಕ್ಕೆ ಹಾರಿದ ನಗೆ. ಬೀಳುವುದು ಟೊಪ್ಪಿಗೆ; ಅದರೊಡನೆ ಟೊಪ್ಪಿಗೆಯ ಅಹಂಕಾರ.

ಇಂಥ ನಗೆಯನ್ನು ಕಲಿಯಲು ಹಾಲಿವುಡ್ಡಿಗೇ ಹೋಗಬೇಕಾಗಿಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತ ಈ ಸೀಮೆಯ ಆಟ. ಆ ಕುಲಗೋಡ, ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯ ಮಗ್ಗುಲಿನ ಊರು. ಕೌಜಲಗಿಯ ನಿಂಗಮ್ಮನವರು ಈ ಆಟದಿಂದಲೇ ನಾಡಿನಲ್ಲೆಲ್ಲ ಹೆಸರು ಪಡೆದರು. ರುಕ್ಮಿಣಿಗೆ ಪಾರಿಜಾತದ ಹೂವು ದೊರೆಯಿತೆಂದು ಸತ್ಯಭಾಮೆ ಮುನಿದು ಕೂಡುತ್ತಾಳೆ. ಅವಳನ್ನು ಒಲಿಸಿಕೊಳ್ಳಲು ಮೂರು ಲೋಕದ ಒಡೆಯನಾದ ಕೃಷ್ಣ ಪಡಬಾರದ ಪಾಡು ಪಡುತ್ತಾನೆ. ಇದೆಲ್ಲದರ ನಡುವೆ ಭಾಗವತನಿದ್ದಾನೆ. ದೇವರೆಂದು ಅವನು ಕೃಷ್ಣನನ್ನು ಬಿಡುವುದಿಲ್ಲ, ಪಟ್ಟದರಸಿಯೆಂದು ಸತ್ಯಭಾಮೆಯನ್ನೂ ಬಿಡುವುದಿಲ್ಲ. ಏನೂ ತಿಳಿಯದವನಂತೆ ಒಂದು ಪ್ರಶ್ನೆ ಕೇಳಿ, ಅವರ ಉತ್ತರವನ್ನು ಅವರಿಗೇ ತಿರುಗಿಸುತ್ತಾನೆ. ಊರವರ ಮಾತಿನಲ್ಲಿಯೇ ಅವನು ಮಾತನಾಡುವುದರಿಂದ, ಕಂಬಳಿ ಹೊದ್ದು ಕುಳಿತ ರೈತನಿಗೆ ತಾನೇ ದೇವರನ್ನು ಕೆಣಕಿದಷ್ಟು ಸಂತೋಷವಾಗುತ್ತದೆ. ದೇವರಿಗೂ ಇದರಿಂದ ಹಾನಿಯಿಲ್ಲ. ಬೆಳಗಾಗುವಾಗ ಅದೇ ರೈತನು ಅದೇ ಕೃಷ್ಣನಿಗೆ ಕೈಮುಗಿದು ಏಳುತ್ತಾನೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟದ ಈ ಗುಣವನ್ನು ಹೊಸ ರಂಗಭೂಮಿಗೆ ತಂದರು. ಅವರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ನಗೆಗೆ ಗುರಿಯಾಗುವವನು ಊರಿಗೆಲ್ಲ ದೊಡ್ಡವನಾದ ಗೌಡನೇ ಹೊರತು ಅವನ ಹೊಲದಲ್ಲಿ ಗೇಯುವವರಲ್ಲ.

ಭರತಮುನಿಯ ಮಾತಿಗೆ ಇನ್ನೊಮ್ಮೆ ಬರುತ್ತೇನೆ. ಹಾಸ್ಯ ಹುಟ್ಟುವ ಕಾರಣಗಳನ್ನು ಹೇಳುವಾಗ ಅವನು ವಿಕಾರವಾದ ವೇಷ, ಅಸಂಬದ್ಧವಾದ ಮಾತು ಮೊದಲಾದವುಗಳ ಸಾಲಿನಲ್ಲಿ ಅಂಗವಿಕಲತೆಯನ್ನು ತೋರಿಸುವುದನ್ನೂ ಸೇರಿಸಿದ್ದಾನೆ. ಅಂದಿನ ರಂಗದಲ್ಲಿ ಅದು ನಡೆಯುತ್ತಿತ್ತೆಂದು ಕಾಣುತ್ತದೆ. ನಮ್ಮ ರಂಗದಲ್ಲಿಯೂ ನಡೆಯುತ್ತಲೇ ಬಂದಿದೆ. ತೊದಲುವವನು, ಕಿವುಡ, ಕುಂಟ, ಕಪ್ಪು ಬಣ್ಣದವಳು, ದಪ್ಪಗಿರುವ ಹೆಂಗಸು ಇವರಲ್ಲಿ ಯಾರಾದರೊಬ್ಬರು ಬಂದರೆ ಸಾಕು, ಹಾಸ್ಯ ಬಂದಂತೆಯೇ ಎಂದು ಎಷ್ಟೋ ನಾಟಕಗಳೂ ಚಲನಚಿತ್ರಗಳೂ ತಿಳಿದಿವೆ. ನಗಿಸಬೇಕಾದ ನಟನು ಬೆವರು ಸುರಿಸುವುದಿಲ್ಲ. ಬೇರೊಬ್ಬರ ದೈವಕೊಟ್ಟ ಕೊರತೆಯನ್ನು ಎರವಲು ತಂದು ಹರಾಜಿಗೆ ಇಡುತ್ತಾನೆ.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಶಾಲೆಯ ಸ್ನೇಹ ಸಮ್ಮೇಳನದಲ್ಲಿ ನಾನು ಅತಿಥಿಯಾಗಿ ಕುಳಿತಿದ್ದೆ. ಒಬ್ಬ ಹುಡುಗನು ತೊದಲುವ ಅಂಗಡಿಕಾರನ ಪಾತ್ರ ವಹಿಸಿ, ಗಿರಾಕಿಗೆ ಬೆಲೆ ಹೇಳಲಾರದೆ ಒದ್ದಾಡುವುದನ್ನು ಅಭಿನಯಿಸಿದನು. ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎರಡನೆಯ ಸಾಲಿನಲ್ಲಿ ಕುಳಿತ ಒಬ್ಬ ಬಾಲಕನು ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದನು. ಕಾರ್ಯಕ್ರಮ ಮುಗಿದ ಮೇಲೆ ಬಹುಮಾನ ಕೊಡುವಾಗ ಅವನನ್ನು ಹೆಸರು ಕೇಳಿದೆ. ಹೆಸರಿನ ಮೊದಲ ಅಕ್ಷರವನ್ನು ದಾಟಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅವನೇಕೆ ಅಷ್ಟು ಗಟ್ಟಿಯಾಗಿ ನಕ್ಕನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ವೇದಿಕೆಯ ಮೇಲಿನ ಹುಡುಗನೂ ದುಷ್ಟನಲ್ಲ. ಹಾಸ್ಯವೆಂದರೆ ಇದೇ ಎಂದು ಅವನು ಕಂಡಿದ್ದ ಹತ್ತಾರು ಚಿತ್ರಗಳು ಅವನಿಗೆ ಕಲಿಸಿದ್ದವು.

ಮೆಟ್ಟಿಲಿನಿಂದ ಜಾರಿದ ಪಿಯಾನೊಗೂ ಈ ತೊದಲಿಗೂ ವ್ಯತ್ಯಾಸವೇನು? ಎರಡರಲ್ಲಿಯೂ ಒಬ್ಬನು ಸೋಲುತ್ತಾನೆ, ನೂರು ಜನ ನಗುತ್ತಾರೆ. ಆದರೆ ಪಿಯಾನೊ ಯಾರ ಕೈಯಿಂದಲಾದರೂ ಜಾರಬಹುದು. ಗುಡ್ಡದ ಇಳಿಜಾರಿಗೆ ಬಡವ ಬಲ್ಲಿದರ ಭೇದವಿಲ್ಲ; ಹೊರೆಗೆ ಜಾತಿಯಿಲ್ಲ. ಅದನ್ನು ನೋಡಿ ನಗುವಾಗ ‘ನಾಳೆ ನಾನೂ ಹೀಗೆಯೇ’ ಎಂಬ ಅರಿವು ನಗೆಯ ತಳದಲ್ಲಿರುತ್ತದೆ. ತೊದಲುವವನನ್ನು ಕಂಡು ನಗುವವನೋ ‘ಸದ್ಯ, ನಾನು ಹೀಗಿಲ್ಲ’ ಎಂದು ನಗುತ್ತಾನೆ. ಒಂದು ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ನಗೆ. ಇನ್ನೊಂದು ಒಬ್ಬನನ್ನು ಚಾಪೆಯಿಂದ ಎಬ್ಬಿಸುವ ನಗೆ. ಮೊದಲನೆಯದು ಎಷ್ಟು ಅಬ್ಬರವಾಗಿದ್ದರೂ ನನಗೆ ಉತ್ತಮವೇ. ಎರಡನೆಯದು ತುಟಿಯಂಚಿನ ಮಂದಹಾಸವಾಗಿದ್ದರೂ ಅದನ್ನು ಉತ್ತಮವೆನ್ನಲು ಮನಸ್ಸು ಬಾರದು.

ಹಾಗೆಂದು ಈ ಚಿತ್ರದಲ್ಲಿ ಕುಂದೇ ಇಲ್ಲವೆಂದಲ್ಲ. ಪಿಯಾನೊ ಜಾರಿದುದನ್ನು ಕಂಡು ನಕ್ಕ ದಾದಿಯನ್ನು ಲಾರೆಲ್ ಹಿಂದಿನಿಂದ ಒದೆಯುತ್ತಾನೆ. ಅವಳೂ ಸುಮ್ಮನಿರುವುದಿಲ್ಲ, ಅವನಿಗೊಂದು ಗುದ್ದು ಕೊಟ್ಟು, ಹಾಲಿನ ಬಾಟಲಿಯನ್ನು ಹಾರ್ಡಿಯ ತಲೆಯ ಮೇಲೆ ಒಡೆದು ಲೆಕ್ಕ ಚುಕ್ತಾ ಮಾಡುತ್ತಾಳೆ. ಆದರೂ ಆ ಒದೆತ ಇಲ್ಲದಿದ್ದರೆ ಚೆನ್ನಾಗಿತ್ತೆಂದು ನನಗೆ ಪ್ರತಿಸಲವೂ ಅನ್ನಿಸಿದೆ. ಮನೆಯ ಒಳಗೆ ಹೊಕ್ಕ ಮೇಲಿನ ಗಲಾಟೆಯೂ ಸ್ವಲ್ಪ ಉದ್ದವಾಯಿತು. ಹಗ್ಗ ಕಟ್ಟಿ ಮಹಡಿಯ ಕಿಟಕಿಯಿಂದ ಪಿಯಾನೊ ಏರಿಸುವುದು, ಮತ್ತೆ ಮತ್ತೆ ಕೊಳಕ್ಕೆ ಬೀಳುವುದು, ಒಬ್ಬರ ಟೊಪ್ಪಿಗೆ ಇನ್ನೊಬ್ಬರ ತಲೆಗೆ ಹೋಗುವುದು ಇವೆಲ್ಲ ಬೇರೆಡೆಯೂ ಸಿಕ್ಕುವ ಸರಕು. ಮೆಟ್ಟಿಲ ಮೇಲಿನ ಭಾಗಕ್ಕಿರುವ ಬಿಗಿ ಇವಕ್ಕಿಲ್ಲ.

ಕೊನೆಯ ಜಗಳವಂತೂ ಸೊಗಸಾಗಿದೆ. ಮನೆಯ ಯಜಮಾನನೆಂದರೆ ಮತ್ತಾರೂ ಅಲ್ಲ, ಟೊಪ್ಪಿಗೆ ಕಳೆದುಕೊಂಡ ಪ್ರೊಫೆಸರನೇ! ಅವನಿಗೆ ಪಿಯಾನೊ ಎಂದರೆ ಆಗದು. ಕೊಡಲಿ ತಂದು ಪಿಯಾನೊವನ್ನು ಕಡಿಯತೊಡಗುತ್ತಾನೆ. ಅಷ್ಟರಲ್ಲಿ ಪಿಯಾನೊ ತನ್ನಷ್ಟಕ್ಕೆ ರಾಷ್ಟ್ರಗೀತೆಯನ್ನು ನುಡಿಯುತ್ತದೆ. ಕೊಡಲಿ ಹಿಡಿದ ಪ್ರೊಫೆಸರನೂ ಅವನಿಂದ ಅಡಗಿದ್ದ ಹಮಾಲರೂ ಥಟ್ಟನೆ ಸೆಟೆದು ನಿಂತು ವಂದಿಸುತ್ತಾರೆ. ಗೀತೆ ಮುಗಿದ ಕೂಡಲೇ ಕೊಡಲಿ ಮತ್ತೆ ಏಳುತ್ತದೆ. ಅದು ತನಗಾಗಿಯೇ ಹೆಂಡತಿ ಕೊಂಡ ಉಡುಗೊರೆ ಎಂದು ತಿಳಿಯುವ ಹೊತ್ತಿಗೆ ಪಿಯಾನೊ ಸೌದೆಯಾಗಿದೆ. ಪೆಚ್ಚಾದ ಅವನು ಕ್ಷಮೆ ಕೇಳಿ ರಸೀದಿಗೆ ಸಹಿ ಹಾಕಲು ಲಾರೆಲ್ಲನ ಲೇಖನಿಯನ್ನು ತೆಗೆದುಕೊಳ್ಳುತ್ತಾನೆ. ಮಸಿಯೆಲ್ಲ ಅವನ ಮುಖಕ್ಕೆ ಚಿಮ್ಮುತ್ತದೆ. ಇಬ್ಬರೂ ಹಮಾಲರು ಓಟ ಕೀಳುತ್ತಾರೆ.

ಆದರೆ ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಪ್ರಿಯವಾದುದು ಆ ಜಗಳಕ್ಕೆ ಮೊದಲಿನ ಒಂದೆರಡು ನಿಮಿಷಗಳು. ಅಲ್ಲಿ ಯಾರೂ ಬೀಳುವುದಿಲ್ಲ. ಪಿಯಾನೊ ಹೇಗೋ ನಡುಮನೆಗೆ ಬಂದು ಕುಳಿತಿದೆ. ಸುತ್ತಲೂ ಒಡೆದ ಹಲಗೆ, ಹುಲ್ಲು, ನೀರು. ಮಾಡಿದ ರಾಡಿಯನ್ನು ಯಜಮಾನ ಬರುವ ಮೊದಲೇ ತೆಗೆಯಬೇಕು. ಕೆಲಸಕ್ಕೆ ಹುರುಪು ಬರಲೆಂದು ಹಾರ್ಡಿ ಕಾಗದದ ಸುರುಳಿಯನ್ನು ಸೇರಿಸುತ್ತಾನೆ. ಹಗಲೆಲ್ಲ ಪೆಟ್ಟಿಗೆಯಲ್ಲಿ ನರಳಿದ ಪಿಯಾನೊ ಮೊದಲ ಬಾರಿಗೆ ಹಾಡುತ್ತದೆ. ಹಲಗೆಗಳನ್ನು ಎತ್ತುತ್ತ ಎತ್ತುತ್ತ ಇಬ್ಬರ ಕಾಲುಗಳೂ ತಾಳಕ್ಕೆ ಬೀಳುತ್ತವೆ. ಅಷ್ಟು ಸ್ಥೂಲಕಾಯನಾದ ಹಾರ್ಡಿ ಗರಿಯಂತೆ ಹಗುರವಾಗಿ ತಿರುಗುತ್ತಾನೆ. ಲಾರೆಲ್ ಒಂದು ಹೆಜ್ಜೆ ತಪ್ಪಿ, ಮತ್ತೆ ಕೂಡಿಕೊಳ್ಳುತ್ತಾನೆ. ಕಸ ಗುಡಿಸುವುದೂ ಕುಣಿಯುವುದೂ ಒಂದರಲ್ಲೊಂದು ಬೆರೆಯುತ್ತವೆ. ಬೀಸುವ ಕಲ್ಲಿನ ಮುಂದೆ ಹಾಡು ಹೇಳುವ ನಮ್ಮ ತಾಯಂದಿರನ್ನೂ, ಭಾರವಾದುದನ್ನು ಎತ್ತುವಾಗ ಒಬ್ಬನು ಸೊಲ್ಲು ಹೇಳಿ ಉಳಿದವರು ‘ಐಸಾ’ ಎಂದು ದನಿಗೂಡಿಸುವ ಹಮಾಲರನ್ನೂ ಕಂಡವರಿಗೆ ಆ ಕುಣಿತದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡು ನಿಲ್ಲುವುದರೊಳಗಾಗಿ ನೆಲದ ಮೇಲಿನ ಹಲಗೆಗಳಲ್ಲಿ ಅರ್ಧದಷ್ಟು ಹೊರಗೆ ಹೋಗಿರುತ್ತವೆ.